ಮೂರನೇ ಚಿತ್ರಕ್ಕೆ ಕಚ್ಚಾ ಹೊಲಿಗೆ

ಲಿಫ್ಟಿನ ಹಿಂಗೋಡೆಯ ಎರಡು ತಿರುಪುಗಳು ಸಲೀಸಾಗಿ ಬಿಟ್ಟುಕೊಂಡವು. ಮೂರನೆಯದು ಹಟ ಹಿಡಿಯಿತು. ಅವನು ಮಂಡಿಯೂರಿ, ಸ್ಕ್ರೂಡ್ರೈವರಿನ ಹಿಡಿಯನ್ನು ಎರಡೂ ಅಂಗೈಗಳ ನಡುವೆ ಅದುಮಿಕೊಂಡು, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿದ. ಹೊರಗೆ ನಾಲ್ಕನೇ ಮಹಡಿಯ ಇಕ್ಕಟ್ಟು ಓಣಿಯಲ್ಲಿ ಸ್ಟ್ರೆಚರು ಹಿಡಿದ ನಾಲ್ವರು ಕೈ ಬದಲಿಸುತ್ತ ನಿಂತಿದ್ದರು.

“ಆಗದಿದ್ರೆ ಬಿಡಿ,” ಎಂದರು ಸತ್ತವರ ತಮ್ಮ, ಮೂರನೇ ಸಲ ಗಡಿಯಾರ ನೋಡಿಕೊಂಡು. “ಬಿಗಿಯಾಗಿ ಕಟ್ಟಿದೀವಲ್ಲ, ನಿಲ್ಲಿಸ್ಕೊಂಡೇ ಇಳಿಸೋಣ. ಹನ್ನೊಂದಕ್ಕೆ ನಮ್ಮ ಸರದಿ.”

“ನಿಲ್ಲಿಸೋದು ಬೇಡ ಸಾರ್,” ಎಂದ ಅವನು, ತಲೆಯೆತ್ತದೆ. “ಮೂವತ್ತೊಂದು ವರ್ಷ ಹೊಲಿಗೆ ಮೆಷಿನ್ ಮುಂದೆ ಬಗ್ಗಿದ ಬೆನ್ನು. ಮಲಗಿಸ್ಕೊಂಡೇ ಹೋಗೋಣ.”

ಆ ಬೆನ್ನಿನ ಸಂಗತಿ ನಿನಗೆ ಹೇಗೆ ಗೊತ್ತು ಎಂದು ತಮ್ಮ ಕೇಳಲಿಲ್ಲ. ಅವರ ಕಣ್ಣಿಗೆ ಬಿದ್ದದ್ದು ಲಿಫ್ಟ್ ಕಂಪನಿಯ ನೀಲಿ ಅಂಗಿ, ಹೆಗಲ ಮೇಲಿನ ಸಾಮಾನಿನ ಚೀಲ, ಅಷ್ಟೇ. ಯಾರೋ ಪುಣ್ಯಾತ್ಮರು ಫೋನ್ ಮಾಡಿ ಮೆಕ್ಯಾನಿಕ್ಕನ್ನು ಕರೆಸಿದ್ದಾರೆ ಎಂದುಕೊಂಡಿದ್ದರು. ಅವನೂ ತಿದ್ದಲಿಲ್ಲ. ತಿದ್ದುವುದಾದರೂ ಏನಂತ? ಇಪ್ಪತ್ತೆರಡು ವರ್ಷ ಪ್ರತಿ ಭಾನುವಾರ ನಿಮ್ಮಕ್ಕನ ಜೊತೆ ಜಗಳವಾಡಿದವನು ನಾನು, ಅಂತಲೇ? ಜಗಳ ಯಾವುದಕ್ಕೆ ಎಂದು ಕೇಳಿದರೆ, ಇಲ್ಲದ ಬಂದರಿನಲ್ಲಿ ಇಲ್ಲದ ಮುದುಕನೊಬ್ಬ ಸತ್ತನೋ ಬದುಕಿದನೋ ಎಂಬುದಕ್ಕೆ, ಅಂತಲೇ?

ಗುರುವಾರ ಮಧ್ಯಾಹ್ನ ಊಟವಾದ ಮೇಲೆ ಆಕೆ, ತಾವು ಹೊಲಿಗೆ ಕೆಲಸಕ್ಕಿದ್ದ ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ, ಮಡಿಸಿಟ್ಟ ಹೊದಿಕೆಗಳ ಮೇಲೆ ತಲೆಯಿಟ್ಟಿದ್ದರಂತೆ. ಜೋಂಪು ಹತ್ತಿದೆ ಎಂದುಕೊಂಡು ಯಾರೂ ಎಬ್ಬಿಸಲಿಲ್ಲವಂತೆ. ಅವನಿಗೆ ಸುದ್ದಿ ಮುಟ್ಟಿದ್ದು ಇವತ್ತು, ಶನಿವಾರ ಬೆಳಿಗ್ಗೆ, ಯಾವುದೋ ಕಚೇರಿಯ ಲಿಫ್ಟಿನ ನೆತ್ತಿಯ ಮೇಲೆ ಕೂತು ಉಕ್ಕಿನ ಹಗ್ಗ ಒರೆಸುತ್ತಿದ್ದಾಗ. ಮನೆಗೆ ಓಡಿದ. ಅಂಗಿ ಬದಲಿಸುವುದು ಮರೆತುಹೋಯಿತು. ಬೀರುವಿನ ತಳದಿಂದ ಒಂದು ಫೋಟೊ ತೆಗೆದು ಜೇಬಿಗಿಡುವುದು ಮರೆಯಲಿಲ್ಲ. ಹನ್ನೊಂದು ವರ್ಷ ಆಕೆಯಿಂದ ಬಚ್ಚಿಟ್ಟಿದ್ದ ಫೋಟೊ. ಇವತ್ತು ಅದು ಅವರ ಕೈ ಸೇರಬೇಕು. ಅವರಿಬ್ಬರ ಭೇಟಿಗಳೆಲ್ಲ ಭಾನುವಾರದ್ದೇ. ಆದರೆ ನಾಳೆಗೆ ಅವರಿರುವುದಿಲ್ಲ.

ತಿರುಪು ಕಿರುಗುಟ್ಟಿ ಬಿಟ್ಟಿತು. ಹಿಂಗೋಡೆ ಕೀಲುಗಳ ಮೇಲೆ ಬಾಗಿಲಿನಂತೆ ತೆರೆಯಿತು. ಒಳಗೆ ಮೊಳದಾಳದ ಗೂಡು. ಕೆಲವು ಹಳೇ ಲಿಫ್ಟುಗಳಲ್ಲಿ ಇಂಥದೊಂದಿರುತ್ತದೆ. ಬೀರು, ಮಂಚ, ರೋಗಿ, ಹೆಣ ಹೀಗೆ ಬಗ್ಗಲಾರದವರಿಗಾಗಿ ಮಾಡಿದ್ದು. ಸ್ಟ್ರೆಚರು ಒಳಸರಿಯಿತು. ತಲೆಯ ಭಾಗ ಗೂಡಿನೊಳಕ್ಕೆ ಅಳತೆ ತೆಗೆದಂತೆ ಕೂತಿತು. ಆಗ ಮೈಮೇಲಿನ ಬಿಳಿ ಹೊದಿಕೆಯ ಮೂಲೆ ಕೀಲಿಗೆ ಸಿಕ್ಕಿಕೊಂಡಿತು.

“ಮೆಲ್ಲಗೆ ಬಿಡಿಸಪ್ಪ, ಅವಳದೇ ಕೈಕೆಲಸ,” ಎಂದಳು ಬಟ್ಟೆಕೋಣೆಯ ಜೊತೆಗಾತಿ. ಆಸ್ಪತ್ರೆಯವರು ಹೊಸ ಹೊದಿಕೆ ಕೊಡುತ್ತೇವೆಂದರೂ ಒಪ್ಪದೆ, ಗೆಳತಿ ತೇಪೆ ಹಾಕಿದ್ದನ್ನೇ ಹುಡುಕಿ ತಂದವಳು ಅವಳು. ಮೂಲೆಯನ್ನು ಮಗುಚಿ ತೋರಿಸಿದಳು. ತೇಪೆಯ ಹಿಂಬದಿಯಲ್ಲಿ ಕೆಂಪು ದಾರದ ಪುಟ್ಟ ಅಂಕಿಗಳಿದ್ದವು. “ತೇಪೆ ಹಾಕಿದ್ರೆ ಹಿಂದ್ಗಡೆ ತಾರೀಖು ಹೊಲೀಬೇಕು, ಅದು ನಮ್ಮ ಕೋಣೆ ಪದ್ಧತಿ. ಮತ್ತೆ ಹರಿದಾಗ, ಎಷ್ಟು ದಿನ ಬಾಳ್ತು ಅಂತ ಗೊತ್ತಾಗ್ಬೇಕಲ್ಲ.”

ಅವನು ಬಟ್ಟೆಯನ್ನು ಬಿಡಿಸಿದ. ಕಡೆಯ ಅಂಕಿಯ ದಾರ ಒಂದಿಷ್ಟು ಕಿತ್ತುಬಂತು. ಕೆಳಗಿಳಿದಾದ ಮೇಲೆ ಹಿಂಗೋಡೆಯನ್ನು ಸುಮ್ಮನೆ ಒತ್ತಿ ಮುಚ್ಚಿ, ತಿರುಪುಗಳನ್ನು ಜೇಬಿಗಿಳಿಸಿ, ‘ದುರಸ್ತಿಯಲ್ಲಿದೆ’ ಎಂಬ ಬೋರ್ಡನ್ನು ಲಿಫ್ಟಿನ ಕುತ್ತಿಗೆಗೆ ನೇತುಹಾಕಿದ. ಇಪ್ಪತ್ತೆರಡು ವರ್ಷದಲ್ಲಿ ಅವನು ಆ ಕಟ್ಟಡದೊಳಗೆ ಕಾಲಿಟ್ಟದ್ದು ಅದೇ ಮೊದಲು.

*

‘ಏಳನೇ ದಳ’ ಮೂವತ್ತೆಂಟು ವರ್ಷದಿಂದ ಮುಗಿಯದ ಅನಿಮೆ, ಜಪಾನಿನ ಕಾರ್ಟೂನು ಕತೆ. ಐದು ಸರಣಿ, ಒಂಬತ್ತು ಸಿನಿಮಾ, ಲೆಕ್ಕವಿಲ್ಲದಷ್ಟು ಉಪಕತೆ. ಹೆಚ್ಚುಕಡಿಮೆ ನೆಲವೆಲ್ಲ ನೀರಿನಡಿ ಹೋಗಿ ಕೆಲವು ಬಂದರುಗಳಷ್ಟೇ ಉಳಿದ ಲೋಕ. ಆಳೆತ್ತರದ ಗಾಳಿಪಟಗಳಿಗೆ ಮೈ ಕಟ್ಟಿಕೊಂಡು ಹಾರುವ ಏಳು ಮಂದಿ. ಕೆಳಗೆ ದೋಣಿಯಲ್ಲಿ ನಿಂತು ಏಳೂ ಹಗ್ಗ ಹಿಡಿದಿರುವ ಒಬ್ಬ ಮುದುಕ, ಹಗ್ಗದ ತಾತ. ಅವನು ಒಮ್ಮೆಯೂ ಹಾರುವುದಿಲ್ಲ. ಹಗ್ಗವನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡು ಮೇಲೆ ನೋಡುತ್ತ ನಿಲ್ಲುವುದೇ ಅವನ ಕೆಲಸ.

ಅದನ್ನು ಊರಿಗೆ ತಂದವರು ಕ್ಯಾಸೆಟ್ ಮಾಮ. ಬಾಡಿಗೆ ಕ್ಯಾಸೆಟ್ಟಿನ ಅಂಗಡಿ. ಹಿಂದುಗಡೆ ಒಂದು ಕೋಣೆ, ಒಂದು ಟೀವಿ, ಹದಿನಾಲ್ಕು ಮಡಿಸುವ ಕುರ್ಚಿ. ಮೂಲದ ಭಾಷೆ ಯಾರಿಗೂ ಬಾರದು. ಪರದೆಯ ಅಡಿಯಲ್ಲಿ ಓಡುವ ಅಕ್ಷರ ಮಕ್ಕಳಿಗೆ ಎಟುಕದು. ಅದಕ್ಕೆ ಮಾಮನೇ ಟೀವಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತು ಎಲ್ಲರ ಮಾತನ್ನೂ ಆಡುತ್ತಿದ್ದರು. ನಾಯಕಿಗೆ ಕೊಳಲಿನಂಥ ದನಿ, ಖಳನಿಗೆ ಗಂಟಲಲ್ಲಿ ಜಲ್ಲಿಕಲ್ಲು, ತಾತನಿಗೆ ಹೊಗೆ ಕುಡಿದ ಕೆಮ್ಮು. ಬಿರುಗಾಳಿ ಬಂದರೆ ಬಿರುಗಾಳಿಯೂ ಮಾಮನೇ. ನಡುವೆ ಗಿರಾಕಿ ಬಂದರೆ ಖಳನ ದನಿಯಲ್ಲೇ “ಹಳೇ ಕ್ಯಾಸೆಟ್ ವಾಪಸ್ ತಂದಿದೀಯಾ?” ಎಂದು ಕೇಳುತ್ತಿದ್ದರು.

ಆಕೆ ಅಲ್ಲಿಗೆ ಮೊದಲು ಬಂದದ್ದು ಎಂಟು ವರ್ಷದ ಮಗಳನ್ನು ಕರೆದುಕೊಂಡು ಹೋಗಲು. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಭಾನುವಾರ ಎರಡು ಗಂಟೆ ಮಗು ಎಲ್ಲಾದರೂ ಕೂತರೆ ಸಾಕು ಎನ್ನುವಷ್ಟು ಹೊಲಿಯಬೇಕಾದ ಬಟ್ಟೆ ಮನೆಯಲ್ಲಿ ಬಿದ್ದಿರುತ್ತಿತ್ತು. ಒಂದು ದಿನ ಮಾಮನ ಬಿರುಗಾಳಿ ಮುಗಿಯಲಿ ಎಂದು ಬಾಗಿಲಲ್ಲಿ ನಿಂತರು. ಮುಂದಿನ ವಾರ ಕುರ್ಚಿಯ ತುದಿಯಲ್ಲಿ ಕೂತರು. ಮಗಳು ಹನ್ನೆರಡಕ್ಕೆ ‘ಇದೆಲ್ಲ ಚಿಕ್ಕಮಕ್ಕಳದ್ದು’ ಎಂದು ಬಿಟ್ಟಳು, ಅಮ್ಮ ಬಿಡಲಿಲ್ಲ.

ಜಗಳ ಶುರುವಾದದ್ದು ನಾಲ್ಕು ಸೆಕೆಂಡಿನ ದೃಶ್ಯದಿಂದ. ಮೊದಲ ಸರಣಿಯ ಇಪ್ಪತ್ತಾರನೇ ಕಂತಿನ ಬಿರುಗಾಳಿಯಲ್ಲಿ ಹಗ್ಗದ ತಾತ ಏಳೂ ಪಟಗಳನ್ನು ದಡಕ್ಕೆ ಎಳೆದು ತಾನು ಅಲೆಯೊಳಗೆ ಮಾಯವಾಗುತ್ತಾನೆ. ಒಂಬತ್ತು ವರ್ಷ ಬಿಟ್ಟು ತೆಗೆದ ಮೂರನೇ ಸಿನಿಮಾದಲ್ಲಿ, ಬಂದರಿನ ಸಂತೆಯಲ್ಲಿ, ಜನರ ನಡುವೆ, ಮಣಿಕಟ್ಟಿಗೆ ಎರಡು ಸುತ್ತು ಹಗ್ಗವಿರುವ ಮುದುಕನೊಬ್ಬ ಕಿತ್ತಳೆ ಆರಿಸುತ್ತಾನೆ. ಸಿನಿಮಾದ ಕತೆ ನಡೆದದ್ದು ಬಿರುಗಾಳಿಗೆ ಮುಂಚೆಯಾದರೆ ತಾತ ಸತ್ತ. ಆಮೇಲಾದರೆ ಬದುಕಿದ.

“ಆಮೇಲೆ,” ಎಂದರು ಆಕೆ.

“ಮುಂಚೆ,” ಎಂದ ಅವನು. “ಬದುಕಿದ್ರೆ ದಳದ ಹತ್ರ ವಾಪಸ್ ಬರ್ತಿರ್ಲಿಲ್ವಾ? ಬದುಕಿದ್ದೂ ಬರದೇ ಇರೋನಿಗಿಂತ ಸತ್ತೋನೇ ಮೇಲು.”

“ಬರ್ಲೇಬೇಕು ಅಂತ ಏನಿದೆ? ಎಲ್ಲೋ ಒಂದ್ಕಡೆ ಕಿತ್ತಳೆ ಆರಿಸ್ಕೊಂಡು ಇದ್ರೆ ಸಾಕು. ಇದಾನೆ ಅಂತ ಗೊತ್ತಿದ್ರೆ ಸಾಕು.”

ಮಾಮ ಅಲ್ಲೇ ಇಬ್ಬರಿಗೂ ನಾಮಕರಣ ಮಾಡಿದರು: ಮುಂಚಣ್ಣ, ಆಮೇಲಮ್ಮ. ಕೋಣೆ ಗೊಳ್ಳೆಂದು ನಕ್ಕಿತು. ಅವನೂ ನಕ್ಕ. ಆ ಹೆಸರಿನ ಬಾಲಕ್ಕೊಂದು ‘ಅಣ್ಣ’ ಅಂಟಿಕೊಂಡಿದೆ, ಅದು ಇನ್ನು ಉಜ್ಜಿದರೂ ಹೋಗುವುದಿಲ್ಲ ಎಂಬುದು ಅವನಿಗೆ ಹೊಳೆದದ್ದು ಎಷ್ಟೋ ವರ್ಷ ಕಳೆದ ಮೇಲೆ. ಅಷ್ಟು ಹೊತ್ತಿಗೆ ಆಕೆ ಎಂಟು ಜನರೆದುರು, ಮಗಳೆದುರು, ಸಾವಿರ ಸಲ ಅವನನ್ನು ಹಾಗೆ ಕರೆದಾಗಿತ್ತು.

*

ಚಿತಾಗಾರದಲ್ಲಿ ಟೋಕನ್ ಹದಿನೇಳು. ಗೋಡೆಯ ಮೇಲಿನ ಕೆಂಪು ಅಂಕಿ ಹದಿನೈದರಲ್ಲಿ ನಿಂತಿತ್ತು. ಒಲೆಯೊಂದು ಕೆಟ್ಟಿರುವುದರಿಂದ ತಡವಾಗುತ್ತದೆ ಎಂದು ಕಿಟಕಿಯ ಹಿಂದಿನ ಗುಮಾಸ್ತ ಹೇಳಿದಾಗ, ಸತ್ತವರ ತಮ್ಮನ ಕಣ್ಣು ನೇರವಾಗಿ ನೀಲಿ ಅಂಗಿಯ ಮೇಲೆ ಬಿತ್ತು.

“ಅದನ್ನೂ ನೋಡೋಕಾಗುತ್ತಾ ನಿಮಗೆ?”

“ಇಲ್ಲ ಸಾರ್. ನಂದು ಬರೀ ಲಿಫ್ಟು.”

“ಅಲ್ಲ, ನೀವು ಇಲ್ಲೀವರೆಗೂ ಬಂದಿದೀರಲ್ಲ... ಕಂಪನಿಯೋರು ಅಲ್ವಾ?”

ಅವನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ಕ್ಯಾಸೆಟ್ ಮಾಮ ಕೆಮ್ಮಿದರು. “ಕಂಪನಿಯೋನೇ. ಇಪ್ಪತ್ತೆರಡು ವರ್ಷ ನಿಮ್ಮಕ್ಕಂಗೆ ಕಂಪನಿ ಕೊಟ್ಟೋನು.” ಬೇರೆ ದಿನವಾಗಿದ್ದರೆ ಮಾಮ ತಮ್ಮ ಚಟಾಕಿಗೆ ತಾವೇ ಮೊದಲು ನಗುತ್ತಿದ್ದರು. ಇವತ್ತು ನೆಲ ನೋಡಿದರು. ತಮ್ಮ ಇಬ್ಬರನ್ನೂ ಅಳೆದು ನೋಡಿ, ಹೂವಿನ ವ್ಯವಸ್ಥೆ ವಿಚಾರಿಸಲು ಹೋದರು.

ಸ್ಟ್ರೆಚರು ಹಜಾರದ ಕೊನೆಯಲ್ಲಿ, ಕಿಟಕಿಯ ಬೆಳಕಿನಲ್ಲಿತ್ತು. ಸುತ್ತ ನೆಂಟರು, ನೆಂಟರ ಮಾತು: ವಾಹನ ನಿಲ್ಲಿಸಿದ ಜಾಗ, ಬಿಸಿಲು, ಯಾರು ಬರಲಿಲ್ಲ ಎಂಬುದು. ಅವನು ಎರಡು ಸಲ ಹತ್ತಿರ ಹೋಗಿ ಎರಡು ಸಲ ಹಿಂದಿರುಗಿದ. ಜೇಬಿನ ಫೋಟೊವನ್ನು ಹೊದಿಕೆಯೊಳಗೆ ಸರಿಸಲು ಒಂದು ಕ್ಷಣ ಸಾಕು. ಆದರೆ ಸಲಕರಣೆ ಚೀಲ ಹೊತ್ತ ಮೆಕ್ಯಾನಿಕ್ಕೊಬ್ಬ ಹೆಂಗಸಿನ ಹೊದಿಕೆಗೆ ಕೈಹಾಕಿದರೆ ಯಾರಿಗೆ ಏನೆಂದು ಹೇಳುವುದು?

“ಏನೋ ಅದು ಜೇಬಲ್ಲಿ? ಹತ್ತು ಸಲ ಮುಟ್ಕೊಂಡೆ,” ಎಂದರು ಮಾಮ.

“ತಪ್ಪೊಪ್ಪಿಗೆ,” ಎಂದ ಅವನು.

*

ಒಮ್ಮೆ ಮಾಮನದೂ ಒಂದು ತಪ್ಪೊಪ್ಪಿಗೆ ಆಗಿತ್ತು. ಆಮೇಲಮ್ಮನ ವಾದಕ್ಕೆಲ್ಲ ಆಧಾರ, ಇಪ್ಪತ್ತೈದನೇ ಕಂತಿನಲ್ಲಿ ತಾತ ಹೇಳುವ ಒಂದು ಮಾತು: “ಬಿರುಗಾಳಿ ಮುಗಿದ್ಮೇಲೆ ಬಂದರಲ್ಲಿ ಸಿಗೋಣ.” ಆರು ವರ್ಷ ಅವರು ಆ ಮಾತಿನ ಮೇಲೆ ಕೋಟೆ ಕಟ್ಟಿದ್ದರು. ಒಂದು ದಿನ ಅಡಿಬರಹ ಸ್ಪಷ್ಟವಾಗಿದ್ದ ಒಳ್ಳೆಯ ಪ್ರತಿಯೊಂದು ಸಿಕ್ಕಿತು. ನೋಡಿದರೆ ಅಲ್ಲಿ ತಾತ ಹೇಳುವುದು ಇಷ್ಟೇ: “ಹಗ್ಗ ಒದ್ದೆಯಾಗಿದೆ.” ಎಲ್ಲರೂ ಮಾಮನ ಕಡೆ ತಿರುಗಿದರು. ಅಕ್ಷರ ಓಡಿಹೋಯಿತು, ಅದೇ ಹೊತ್ತಿಗೆ ಗಿರಾಕಿಯೂ ಬಂದ, ಬಾಯಿಗೆ ಬಂದದ್ದು ಸೇರಿಸಿಬಿಟ್ಟೆ ಎಂದು ಮಾಮ ಕಿವಿ ಹಿಡಿದುಕೊಂಡರು. ಆಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಸೆರಗಿನಲ್ಲಿ ಒರೆಸಿಕೊಂಡು, “ಪರವಾಗಿಲ್ಲ. ಒದ್ದೆ ಹಗ್ಗ ಗಂಟು ಬಿಡಲ್ಲ. ಅಂದ್ಮೇಲೆ ಬದುಕಿದಾನೆ,” ಎಂದರು. ಹಗ್ಗದ ವಿಷಯ ನನ್ನ ಹತ್ತಿರ ಮಾತಾಡಬೇಡಿ, ಹಗ್ಗದಿಂದಲೇ ಅನ್ನ ತಿನ್ನೋನು ನಾನು ಎಂದು ಅವನು ಎದ್ದುನಿಂತ. ಆ ಭಾನುವಾರ ಮುಗಿದಾಗ ಬೀದಿದೀಪ ಹತ್ತಿತ್ತು.

ಆಕೆಯ ಬಳಿ ಒಂದು ಪಟ್ಟಿಯಿತ್ತು. ಸವೆದ ಹೊದಿಕೆಗಳ ಅಂಚು ಕತ್ತರಿಸಿ ಜೋಡಿಸಿದ, ಗೇಣಗಲದ, ಬಿಚ್ಚಿದರೆ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಮುಟ್ಟುವ ಬಟ್ಟೆ. ಅದರ ಮೇಲೆ ‘ಏಳನೇ ದಳ’ದ ಇಡೀ ಕಾಲ. ಯಾವುದರ ನಂತರ ಯಾವುದು ಎಂದು ಕಂತು ಕಂತನ್ನೂ ಬಣ್ಣದ ದಾರದಲ್ಲಿ ಹೊಲಿದಿದ್ದರು. ಒಂದೊಂದು ಸಿನಿಮಾಕ್ಕೂ ಒಂದೊಂದು ತೇಪೆ. ಎಲ್ಲವೂ ಪಕ್ಕಾ ಹೊಲಿಗೆ, ಮೂರನೇ ಸಿನಿಮಾ ಒಂದನ್ನು ಬಿಟ್ಟು. ಅದಕ್ಕೆ ಮಾತ್ರ ಕಚ್ಚಾ ಹೊಲಿಗೆ, ಒಂದು ತುದಿ ಎಳೆದರೆ ಸರ್ರನೆ ಬಿಚ್ಚಿಕೊಳ್ಳುವಂಥದ್ದು. ಪ್ರತಿ ಭಾನುವಾರ ಮಾಮನೇ ನ್ಯಾಯಾಧೀಶ. ಅವನು ಗೆದ್ದರೆ ಆ ತೇಪೆ ಬಿರುಗಾಳಿಯ ಎಡಕ್ಕೆ, ಆಕೆ ಗೆದ್ದರೆ ಬಲಕ್ಕೆ. ಸೋತರೂ ಗೆದ್ದರೂ ಹೊಲಿಯುವವರು ಆಕೆಯೇ.

“ಯಾಕೆ, ಪಕ್ಕಾ ಹೊಲಿಯೋಕೆ ಭಯಾನಾ?” ಎಂದು ಅವನೊಮ್ಮೆ ಕೆಣಕಿದ್ದ.

ಆಕೆ ಹಲ್ಲಿನಲ್ಲಿ ದಾರ ಕಡಿದು ಹೇಳಿದ್ದರು: “ಕಚ್ಚಾ ಹೊಲಿಗೆ ಇರೋವರೆಗೂ ಬಟ್ಟೆ ನಮ್ಮ ಕೈಲಿರುತ್ತೆ ಮುಂಚಣ್ಣ. ಪಕ್ಕಾ ಹೊಲಿದ್ಮೇಲೆ ಅದು ಗಿರಾಕೀದು.”

ಹದಿನೈದು ವರ್ಷದ ಹಿಂದೆ ‘ಏಳನೇ ದಳ’ ತೆಗೆದವರೇ ಒಂದು ದಪ್ಪ ಪುಸ್ತಕ ತಂದರು. ಯಾವುದು ಯಾವಾಗ ನಡೆಯಿತು ಎಂದು ಎಲ್ಲವನ್ನೂ ಇತ್ಯರ್ಥ ಮಾಡಿಬಿಟ್ಟರು. ನಾಯಕಿಯ ವಯಸ್ಸಿನ ಗುದ್ದಾಟ, ಎರಡನೇ ದೋಣಿಯ ಗುದ್ದಾಟ, ಎಲ್ಲ ಒಂದೇ ತಿಂಗಳಲ್ಲಿ ತಣ್ಣಗಾದವು. ಜಗಳ ಸತ್ತಂತೆ ಕುರ್ಚಿಗಳೂ ಖಾಲಿಯಾದವು. ಮೂರನೇ ಸಿನಿಮಾದ ಬಗ್ಗೆ ಮಾತ್ರ ಪುಸ್ತಕ ‘ನೋಡುಗರಿಗೆ ಬಿಟ್ಟದ್ದು’ ಎಂದಿತ್ತು. ಎರಡು ವರ್ಷದೊಳಗೆ ಆ ಕೋಣೆಯಲ್ಲಿ ಉಳಿದವರು ಮೂವರು. ಮುಂದೆ ಕ್ಯಾಸೆಟ್ಟಿನ ಅಂಗಡಿ ಮೊಬೈಲಿನ ಕವರು ಮಾರುವ ಅಂಗಡಿಯಾಯಿತು. ಹಿಂದಿನ ಕೋಣೆಯಲ್ಲಿ ಭಾನುವಾರ ಮಾತ್ರ ಬದಲಾಗಲಿಲ್ಲ.

ಹನ್ನೊಂದು ವರ್ಷದ ಹಿಂದೆ ಅವನು ಕೊನೆಗೂ ಮನೆಗೊಂದು ಡಿಸ್ಕ್ ಪ್ಲೇಯರು ತಂದ. ಮೂರನೇ ಸಿನಿಮಾದ ಡಿಸ್ಕು ಬಂದು ಆಗಲೇ ಕೆಲವು ವರ್ಷವಾಗಿತ್ತು. ಹಾಕಿ ನೋಡಿದರೆ ಚಿತ್ರ ಅಗಲವಾಗಿತ್ತು. ಕ್ಯಾಸೆಟ್ಟಿನಲ್ಲಿ ಎರಡೂ ಬದಿ ಕತ್ತರಿಸಿಹೋಗಿದ್ದ ಭಾಗ ಇಲ್ಲಿತ್ತು. ಕಿತ್ತಳೆ ಆರಿಸುವ ತಾತನ ಬಲಕ್ಕೆ, ಪರದೆಯ ಅಂಚಿನಲ್ಲಿ, ಬಂದರಿನ ದೀಪದ ಕಂಬ. ಅದರ ಒಂದು ತೋಳು ಮುರಿದಿತ್ತು. ಆ ತೋಳು ಮುರಿದದ್ದು ಇಪ್ಪತ್ತಾರನೇ ಕಂತಿನ ಬಿರುಗಾಳಿಯಲ್ಲಿ; ಅದು ಅವನ ಕಣ್ಣಿಗೆ ಕಟ್ಟಿದಂತಿತ್ತು. ಅಂದರೆ ಆಮೇಲೆ. ಅಂದರೆ ತಾತ ಬದುಕಿದ್ದಾನೆ. ಅಂದರೆ ಆಕೆ ಹೇಳಿದ್ದೇ ಸರಿ.

ಪರದೆ ನಿಲ್ಲಿಸಿ ಫೋಟೊ ತೆಗೆದು, ಸ್ಟುಡಿಯೊದಲ್ಲಿ ಪ್ರಿಂಟು ಹಾಕಿಸಿ, ಜೇಬಿನಲ್ಲಿಟ್ಟುಕೊಂಡು ಭಾನುವಾರ ಹೋದ. ಸೋಲೊಪ್ಪಿಕೊಳ್ಳಬೇಕೆಂದೇ ಹೋದದ್ದು. ಆಕೆ ಪಟ್ಟಿ ಬಿಚ್ಚಿ, ಸೂಜಿಗೆ ದಾರ ಪೋಣಿಸಿ, ಕನ್ನಡಕದ ಮೇಲಿಂದ ನೋಡಿ, “ಹೂಂ, ಇವತ್ತೇನು ಹೊಸ ಸುಳ್ಳು ತಂದಿದೀರಿ?” ಎಂದರು. ಎದುರಿಗೆ ಹನ್ನೊಂದು ಖಾಲಿ ಕುರ್ಚಿ ಮಡಿಸಿ ಗೋಡೆಗೊರಗಿದ್ದವು. ಅವನು ಅವುಗಳನ್ನು ನೋಡಿದ.

“ಮುಂಚೆ,” ಎಂದ.

ಅಂದಿನಿಂದ ಅವನಿಗಿದ್ದ ಭಯ ಒಂದೇ, ಆಕೆ ಡಿಸ್ಕು ನೋಡಿಬಿಟ್ಟರೆ? ಹಳೆಯ ಸದಸ್ಯನೊಬ್ಬ ಯಾವಾಗಲೋ ಡಿಸ್ಕನ್ನೇ ಉಡುಗೊರೆ ಕೊಡಲು ಬಂದಾಗ ಅವನು ಕುರ್ಚಿಯಿಂದ ಅರ್ಧ ಎದ್ದುಬಿಟ್ಟಿದ್ದ. ಆದರೆ ಆಕೆಯೇ ಮೊದಲು ತಲೆಯಾಡಿಸಿದ್ದರು: “ಬೇಡಪ್ಪ, ಅದರಲ್ಲಿ ಬಣ್ಣ ಸರಿ ಬರಲ್ಲ. ನಮಗೆ ಕ್ಯಾಸೆಟ್ಟೇ ಚೆನ್ನ.” ದೇವರು ದೊಡ್ಡವನು ಎಂದುಕೊಂಡು ಅವನೂ, ಹೌದು ಹೌದು, ಕ್ಯಾಸೆಟ್ಟೇ ಚೆನ್ನ ಎಂದಿದ್ದ.

*

ಗೋಡೆಯ ಅಂಕಿ ಹದಿನಾರಕ್ಕೆ ಬದಲಾಯಿತು. ಮಗಳು ಕೈಯಲ್ಲೊಂದು ಬಟ್ಟೆಯ ಸುರುಳಿ ಹಿಡಿದು ಅವರ ಬೆಂಚಿಗೆ ಬಂದಳು. ಈಗ ಮೂವತ್ತರ ಹೆಂಗಸು. ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುತ್ತಾಳೆ. ಬೆಳಿಗ್ಗೆಯಿಂದ ಯಾರ ಕೈಗೂ ಸ್ಟೀರಿಂಗು ಕೊಡದೆ ಎಲ್ಲವನ್ನೂ ತಾನೇ ನಡೆಸಿದ್ದಳು.

“ಮುಂಚಣ್ಣ ಮಾಮ ಅಲ್ವಾ?” ಎಂದಳು. “ಲಿಫ್ಟಲ್ಲಿ ಗುರುತು ಹತ್ತಲಿಲ್ಲ. ಕೂದಲೆಲ್ಲ ಬಿಳಿಯಾಗಿದೆ.”

ಅವನು ಎದ್ದುನಿಂತ.

ಅವಳು ಕ್ಯಾಸೆಟ್ ಮಾಮನ ಪಕ್ಕ ಕೂತಳು. ಸುರುಳಿಯ ಅಂಚನ್ನು ಬೆರಳಲ್ಲಿ ಸವರಿ, “ಮಾಮ, ನೀವು ಎಲ್ಲರ ದನೀನೂ ಮಾಡ್ತೀರಲ್ಲ,” ಎಂದಳು. “ಅಮ್ಮಂದು ಬರುತ್ತಾ?”

ಮಾಮನ ಬಾಯಿ ತೆರೆದುಕೊಂಡಿತು. ಜೀವಮಾನದಲ್ಲಿ ಯಾರೇ ಕೇಳಿದರೂ ಇಲ್ಲವೆನ್ನದ ಬಾಯಿ. ಅದು ಹಾಗೇ ಮುಚ್ಚಿಕೊಂಡಿತು.

“ಬರುತ್ತೆ ಮಗಳೇ,” ಎಂದರು, ತಮ್ಮದೇ ದನಿಯಲ್ಲಿ. “ಅದಕ್ಕೇ ಮಾಡಲ್ಲ.”

ಅವಳು ತಲೆಯಾಡಿಸಿದಳು. ಆಮೇಲೆ ಸುರುಳಿಯನ್ನು ಮಡಿಲಲ್ಲಿ ಬಿಚ್ಚಿದಳು. ಇದನ್ನು ಅಮ್ಮನ ಜೊತೆಗೇ ಕಳಿಸಬೇಕೆಂದಿದ್ದೇನೆ, ಮನೆಯಲ್ಲಿ ಇದನ್ನು ಓದಬಲ್ಲವರು ಯಾರೂ ಇಲ್ಲ ಎಂದಳು. ಬಿರುಗಾಳಿಯ ನೀಲಿ ಹೊಲಿಗೆ, ಅದರ ಎಡಕ್ಕೆ ಮೂರನೇ ಸಿನಿಮಾದ ಕಿತ್ತಳೆ ಬಣ್ಣದ ತೇಪೆ. ಹೋದ ಭಾನುವಾರ ಗೆದ್ದವನು ಅವನೇ. ಸುಳ್ಳು ಗೆಲುವು. ಅದು ಅಲ್ಲೇ ಕೂತಿತ್ತು, ಕಚ್ಚಾ ಹೊಲಿಗೆಯ ಉದ್ದುದ್ದ ಹೆಜ್ಜೆಗಳಲ್ಲಿ.

ಅಷ್ಟರಲ್ಲಿ ಬಟ್ಟೆಕೋಣೆಯ ಜೊತೆಗಾತಿ ಬಗ್ಗಿ ಪಟ್ಟಿಯನ್ನು ಕೈಗೆತ್ತಿಕೊಂಡಳು. ಬಟ್ಟೆ ಕಂಡರೆ ಅವಳ ಕೈ ಸುಮ್ಮನಿರದು. ತೇಪೆಯ ಬಳಿ ಹೆಬ್ಬೆರಳಿಟ್ಟು ಪಟ್ಟಿಯನ್ನು ಹಾಗೇ ಮಗುಚಿದಳು.

“ಬಟ್ಟೆ ಓದೋದು ಹಿಂದ್ಗಡೆಯಿಂದಮ್ಮ,” ಎಂದಳು ಮಗಳಿಗೆ. “ಮೇಲ್ಗಡೆ ಏನಿದ್ರೂ ಊರಿಗೆ ತೋರ್ಸೋಕೆ. ನೋಡು, ಇಲ್ಲೂ ತಾರೀಖು ಹಾಕಿದಾಳೆ ಕಳ್ಳಿ.”

ಹಿಂಬದಿಯಲ್ಲಿ, ಬಿರುಗಾಳಿಯ ಬಲಕ್ಕೆ, ಬೆರಳುಗುರಿನಷ್ಟು ಜಾಗದಲ್ಲಿ ಒಂದು ಚಿತ್ರ ಹೊಲಿದಿತ್ತು. ಒಂದು ಕಂಬ. ಎರಡು ತೋಳಿರಬೇಕಾದ ಕಡೆ ಒಂದೇ ತೋಳು. ಇನ್ನೊಂದರ ಕಡೆ ಮುರಿದ ಮೋಟು. ಅದರ ಅಡಿಯಲ್ಲಿ ಕೆಂಪು ದಾರದ ಅಂಕಿಗಳು. ಇದು ಪಕ್ಕಾ ಹೊಲಿಗೆ. ಎಳೆದರೆ ಬಟ್ಟೆ ಹರಿದೀತೇ ಹೊರತು ದಾರ ಬಾರದು.

ಅವನು ತಾರೀಖನ್ನು ಎರಡು ಸಲ ಓದಿದ. ಹದಿನಾಲ್ಕು ವರ್ಷದ ಹಿಂದಿನದು. ಡಿಸ್ಕು ಬಿಡುಗಡೆಯಾದ ವಾರದ್ದೇ.

“ಏನಿದು, ಮಾಮ?” ಎಂದಳು ಮಗಳು. ಅವಳು ನೋಡುತ್ತಿದ್ದದ್ದು ಬಟ್ಟೆಯನ್ನಲ್ಲ, ಅವನ ಮುಖವನ್ನು.

ಅವನು ಜೇಬಿನಿಂದ ಫೋಟೊ ತೆಗೆದು ಪಟ್ಟಿಯ ಪಕ್ಕದಲ್ಲಿಟ್ಟ. ಸಂತೆ, ತಾತ, ಕಿತ್ತಳೆ, ಅಂಚಿನಲ್ಲಿ ಮುರಿದ ಕಂಬ. “ನಾನು ಸೋತಿದ್ದು,” ಎಂದ. “ನಾನು ಇದನ್ನ ಕಂಡು ಹನ್ನೊಂದು ವರ್ಷ ಆಯ್ತು. ನಿಮ್ಮಮ್ಮಂಗೆ ಹೇಳಿರ್ಲಿಲ್ಲ. ಇವತ್ತು ಕೊಟ್ಟು ಕ್ಷಮೆ ಕೇಳೋಣ ಅಂತ ತಂದೆ.”

ಮಗಳು ಫೋಟೊ ನೋಡಿದಳು, ಹೊಲಿಗೆ ನೋಡಿದಳು. “ಅಂದ್ರೆ ಅಮ್ಮಂಗೆ ನಿಮಗಿಂತ ಮೂರು ವರ್ಷ ಮುಂಚೇನೇ ಗೊತ್ತಿತ್ತು.”

“ಹೌದು.”

“ತಾನೇ ಗೆದ್ದಿದೀನಿ ಅಂತ ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?”

ಮಾಮ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದರು. ಒರೆಸಿದ ಗಾಜನ್ನೇ ಮತ್ತೆ ಒರೆಸಿದರು.

“ನೀವ್ಯಾಕೆ ಹೇಳ್ಲಿಲ್ಲ?” ಎಂದಳು ಅವಳು, ಈ ಸಲ ಮೆಲ್ಲಗೆ.

ಹಜಾರದ ಆ ತುದಿಯಲ್ಲಿ ಯಾರೋ ಟೋಕನ್ ಹದಿನೇಳು ಎಂದು ಕೂಗಿದರು. ತಮ್ಮ ಓಡಿಬಂದರು, ನೆಂಟರು ಎದ್ದರು. ಮಗಳು ಎದ್ದುನಿಂತು ಪಟ್ಟಿಯನ್ನು ತುದಿಯಿಂದ ಬಿಗಿಯಾಗಿ ಸುತ್ತಿ, ಸ್ಟ್ರೆಚರಿನ ಕಡೆಗೊಮ್ಮೆ ನೋಡಿ, ಆ ಸುರುಳಿಯನ್ನು ಅವನ ಕೈಯಲ್ಲಿಟ್ಟಳು.

“ಓದೋಕೆ ಬರೋರ ಹತ್ರ ಇರ್ಲಿ,” ಎಂದಳು. “ಫೋಟೊ ನೀವೇ ಕೊಡಿ ಬನ್ನಿ.”

“ಒಂದು ನಿಮಿಷ,” ಎಂದು ಅವನು ಗುಮಾಸ್ತನ ಕಿಟಕಿಗೆ ಹೋದ. ಅಲ್ಲಿ ಸರಪಳಿಗೆ ಕಟ್ಟಿಹಾಕಿದ್ದ ಎರಡು ಪೆನ್ನುಗಳಿದ್ದವು, ಒಂದು ನೀಲಿ, ಒಂದು ಕೆಂಪು. ಸರಪಳಿ ಗಿಡ್ಡ; ಕೆಂಪು ಪೆನ್ನನ್ನು ಎಳೆದು, ಬಗ್ಗಿ, ಫೋಟೊವನ್ನು ಮಗುಚಿ ಅದರ ಬೆನ್ನಿನ ಮೇಲೆ ಒಂದು ತಾರೀಖು ಬರೆದ. ಹನ್ನೊಂದು ವರ್ಷದ ಹಿಂದಿನ ಆ ಭಾನುವಾರ. ಬೇರೇನನ್ನೂ ಬರೆಯಲಿಲ್ಲ.

ನೆಂಟರು ದಾರಿ ಬಿಟ್ಟರು. ಮಗಳು ಹೊದಿಕೆಯ ಅಂಚೆತ್ತಿ ಹಿಡಿದಳು. ಹೊಲಿದು ಹೊಲಿದು ದಡ್ಡುಗಟ್ಟಿದ ಆ ಬೆರಳುಗಳನ್ನು ಅವನು ಇಷ್ಟು ವರ್ಷ ಬರೀ ಸೂಜಿಯ ಆ ಬದಿಯಿಂದ ನೋಡಿದ್ದ. ಫೋಟೊವನ್ನು ಅವುಗಳ ಅಡಿಯಲ್ಲಿ ಸರಿಸಿದ, ಚಿತ್ರ ಕೆಳಗೆ, ಬೆನ್ನು ಮೇಲೆ.

*

ಹೊರಗೆ ಬಂದಾಗ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಬಸ್ಸಿನ ನಿಲ್ದಾಣದವರೆಗೆ ಮಾಮನೂ ಅವನೂ ನಡೆದರು.

“ನಾಳೆ ಹಿಂದಿನ ಕೋಣೆ ತೆಗೀತೀರಾ?” ಎಂದ ಅವನು.

“ತೆಗೆದು? ಯಾರ ಜೊತೆ ಜಗಳ ಆಡ್ತೀಯೋ?”

“ನೀವು ಮುಂಚೆ ಅನ್ನಿ. ನಾನು ಆಮೇಲೆ ಅಂತೀನಿ.”

ಮಾಮ ನಿಂತರು. ತಾತನ ಕೆಮ್ಮು ಕೆಮ್ಮಿ, ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟು ಬಸ್ಸು ಹತ್ತಿದರು.

ಅವನು ಮತ್ತೆ ಆ ಕಟ್ಟಡಕ್ಕೆ ಹೋದ. ಬೋರ್ಡು ಹಾಗೇ ನೇತಾಡುತ್ತಿತ್ತು. ನಾಲ್ಕಂತಸ್ತು ಹತ್ತಿ ಇಳಿದು ಸುಸ್ತಾದವರ ಗೊಣಗಾಟ ಮೆಟ್ಟಿಲ ಮೇಲಿಂದ ಕೇಳಿಸುತ್ತಿತ್ತು. ಲಿಫ್ಟಿನೊಳಗೆ ಹೋಗಿ ಹಿಂಗೋಡೆಯನ್ನು ತೆರೆದ. ಬೆಳಿಗ್ಗೆ ಅವರ ತಲೆಯಿದ್ದ ಗೂಡು. ಕಬ್ಬಿಣದ ವಾಸನೆ, ಎಣ್ಣೆಯ ವಾಸನೆ, ಒಗೆದ ಬಟ್ಟೆಯ ವಾಸನೆ. ಸುರುಳಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಗೋಡೆಯನ್ನು ಮುಚ್ಚಿ, ಜೇಬಿನಿಂದ ತಿರುಪು ತೆಗೆದು ಬಿಗಿದ. ಒಂದು. ಎರಡು. ಮೂರನೆಯದನ್ನು ಹಾಕುವಾಗ ಕಂಡಿತು: ಗೋಡೆಯ ಸಂದಿನಲ್ಲಿ, ಕೀಲಿನ ಬಳಿ, ಒಂದು ಎಳೆ ಕೆಂಪು ದಾರ. ಹೊದಿಕೆಯ ಕಡೆಯ ಅಂಕಿಯಿಂದ ಕಿತ್ತುಬಂದದ್ದು. ಬೆರಳುದ್ದ ಹೊರಗೆ, ಉಳಿದದ್ದು ಉಕ್ಕಿನ ಸಂದಿನೊಳಗೆ.

ಕೀಲಿನಲ್ಲಿ ಕಸ ಇರಬಾರದು ಎಂಬುದು ಅವನ ಕೆಲಸದ ಮೊದಲ ಪಾಠ. ಚಿಮಟ ತೆಗೆದ. ಕೈ ಅಲ್ಲಿಯವರೆಗೆ ಹೋಯಿತು. ಮತ್ತೆ ಚಿಮಟವನ್ನು ಚೀಲಕ್ಕೆ ಹಾಕಿ, ಮೂರನೇ ತಿರುಪನ್ನು ಬಿಗಿದು, ಬೋರ್ಡು ತೆಗೆದು, ಹೊರಗೆ ಬಂದು ಲಿಫ್ಟನ್ನು ಚಾಲೂ ಮಾಡಿದ.

ಮೇಲೆ ಯಾರೋ ಕಾಯುತ್ತಿದ್ದರೇನೋ, ಕೂಡಲೇ ಕರೆ ಬಂತು. ಮಡಚುವ ಬಾಗಿಲಿನ ಸರಳುಗಳ ನಡುವೆ ಒಳಗಿನ ದೀಪ, ಉಕ್ಕಿನ ಗೋಡೆ, ಗೋಡೆಯಲ್ಲೊಂದು ಕೆಂಪು ಎಳೆ. ಲಿಫ್ಟು ಅಲುಗಿತು. ಅವನು ಕೆಳಗೆ ನಿಂತು, ಕಂಕುಳಲ್ಲಿದ್ದ ಸುರುಳಿಯಿಂದ ಇಳಿಬಿದ್ದಿದ್ದ ಕಚ್ಚಾ ಹೊಲಿಗೆಯ ದಾರವನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡು, ಲಿಫ್ಟು ಒಂದೊಂದೇ ಮಹಡಿ ಮೇಲೇರುವುದನ್ನು ಕತ್ತೆತ್ತಿ ನೋಡಿದ.